ಪುರಿ ಪೊಟ್ಟಣದ ಹದಿನೇಳನೆಯ ಸಾಲು

ಸೆಪ್ಟೆಂಬರ್ 9, ಸೋಮವಾರ

ಇವತ್ತಿನಿಂದ ನನ್ನ ಕೆಲಸ ತಪ್ಪು ಹುಡುಕುವುದು. ಇಪ್ಪತ್ತೆರಡು ವರ್ಷ ತಪ್ಪು ಮಾಡಿಕೊಂಡು ಬಂದವನಿಗೆ ಇದನ್ನು ಬಡ್ತಿ ಎಂದೇ ಅನ್ನಬೇಕು.

ನಮ್ಮ ಸಿರಿಂಜ್ ಪಂಪನ್ನು ನಡೆಸುವ ಸಿ ಭಾಷೆಯ ಕೋಡನ್ನೆಲ್ಲ ಸ್ಕ್ಯಾನರ್ ಎಂಬ ತಪಾಸಣೆಯ ತಂತ್ರಾಂಶಕ್ಕೆ ಉಣಿಸಿದೆ. ಅದು ನಲವತ್ತು ಸೆಕೆಂಡು ಅಗಿದು, ಆರುನೂರ ಹನ್ನೆರಡು ಕಡೆ ‘ಇಲ್ಲಿ ಅಪಾಯ ಇರಬಹುದು’ ಎಂದು ಕೆಂಪು ಗೆರೆ ಎಳೆದು ಕೊಟ್ಟಿತು. ಯಜಮಾನರು ಪೊನ್ನುಸಾಮಿ ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗಿಸಿದರು. ಮೂವತ್ತು ವರ್ಷ ಕೊಯಮತ್ತೂರಿನ ಮನೆಮನೆಗೂ ರುಬ್ಬುವ ಗ್ರೈಂಡರ್ ಮಾಡಿಕೊಟ್ಟು, ಈಗ ರೋಗಿಗೆ ಔಷಧಿ ಹನಿಸುವ ಯಂತ್ರಕ್ಕೆ ಕೈ ಹಾಕಿದವರು.

“ಏನ್ ಕಣ್ಣು ಇದು, ಪಂಪೋ ಜರಡಿಯೋ?” ಕಿರಿಯರನ್ನೆಲ್ಲ ಅವರು ತಮಿಳಿನ ಮುದ್ದಿನಲ್ಲಿ ‘ಕಣ್ಣು’ ಎಂದೇ ಕರೆಯುವುದು.

“ತೂತು ಅಲ್ಲ ಯಜಮಾನ್ರೇ. ತೂತು ಇರಬಹುದು ಅನ್ನೋ ಅನುಮಾನ.”

“ಆರುನೂರು ಅನುಮಾನ ಇದ್ರೆ ಮದುವೇನೇ ಮುರಿದುಹೋಗುತ್ತೆ. ಸೊನ್ನೆ ಮಾಡು. ಆಯುಧಪೂಜೆಗೆ ಆ ಸೊನ್ನೆ ಕಾಗದ ದೇವಿ ಮುಂದೆ ಇಡ್ತೀನಿ. ವಿಜಯದಶಮಿಗೆ ಲಾರಿ ಹೊರಡಬೇಕು.”

ಲಾರಿಯಲ್ಲಿ ಹೋಗಬೇಕಾದ್ದು ನಲವತ್ತು ಪಂಪು, ಹಸುಗೂಸುಗಳ ವಾರ್ಡಿಗೆ. ನಾನು ಸಹಿ ಹಾಕದೆ ಒಂದೂ ಗೇಟು ದಾಟುವಂತಿಲ್ಲ.

ಕೆಂಪು ಗೆರೆ ಆರುನೂರು,
ನಿಂಗರಾಜು, ಟೀ ಹೀರು, ಆಮೇಲೆ ಕೂರು.

ಸೆಪ್ಟೆಂಬರ್ 11, ಬುಧವಾರ

ಜೊತೆಗೆ ಒಬ್ಬರನ್ನು ಕೊಟ್ಟಿದ್ದಾರೆ. ಹೆಸರು ಪೂಂಗೋದೈ, ವಯಸ್ಸು ನಲವತ್ತೊಂದು. ಮಗಳನ್ನು ಬೆಳೆಸಲು ಒಂಬತ್ತು ವರ್ಷ ಮನೆಯಲ್ಲಿದ್ದು ಈಗ ಮತ್ತೆ ಕೆಲಸಕ್ಕೆ ಬಂದವರು. ಸದ್ಯಕ್ಕೆ ‘ಹೊಸ ಮೇಡಂ’ ಎಂದು ಬರೆದರೆ ಸಾಕು. ದೀಪಾವಳಿವರೆಗೆ ಉಳಿದರೆ ಹೆಸರು ಬರೆಯೋಣ.

ಆರುನೂರರಲ್ಲಿ ಅರ್ಧಕ್ಕರ್ಧ ಒಂದೇ ರೋಗ. ಒಂದು ಜಾಗದ ಅಕ್ಷರಗಳನ್ನು ಇನ್ನೊಂದು ಜಾಗಕ್ಕೆ ಸುರಿಯುವ ಹಳೆಯ ಕಾಪಿ ಆಜ್ಞೆ. ಅದು ಅಳತೆ ಕೇಳುವುದಿಲ್ಲ. ಬಂದದ್ದು ಉದ್ದವಾಗಿದ್ದರೆ ಪಕ್ಕದ ಜಾಗಕ್ಕೆ ಚೆಲ್ಲುತ್ತದೆ. ಚೆಲ್ಲಿದರೆ ಪಂಪು ನಿಲ್ಲಬಹುದು. ಆಸ್ಪತ್ರೆಯ ಜಾಲದೊಳಗೆ ನುಗ್ಗಿದವನು ಬೇಕೆಂದೇ ಚೆಲ್ಲಿಸಿದರೆ ಪಂಪು ಅವನು ಹೇಳಿದಂತೆ ಕುಣಿಯಲೂಬಹುದು. ಇದಕ್ಕೆ ಮದ್ದು, ಹೆಸರಿನಲ್ಲಿ ‘ಎನ್’ ಅಕ್ಷರ ಇರುವ ಹೊಸ ಕಾಪಿ ಆಜ್ಞೆ. ಅದು ಅಳತೆ ಕೇಳಿಯೇ ಕೆಲಸ ಮಾಡುತ್ತದೆ.

ತಾಳವಾಡಿಯ ಕನ್ನಡ ಶಾಲೆಯಲ್ಲಿ ನಮ್ಮ ಮೇಷ್ಟ್ರು ಮಗ್ಗಿಯನ್ನೂ ಹಾಡಿಸಿಯೇ ಕಲಿಸಿದ್ದು. ಆ ಋಣಕ್ಕೆ ಒಂದು ನಿಯಮ ಕಟ್ಟಿ ಗೋಡೆಗೆ ಅಂಟಿಸಿದೆ. ಗೋಡೆಯ ಮೇಲೆ ತಮಿಳಿನಲ್ಲಿದೆ, ಇಲ್ಲಿ ಕನ್ನಡದಲ್ಲಿ:

ಕಾಪಿಗೆ ಮುಂಚೆ ಅಳತೆ ಕೊಡು,
ಆಮೇಲೆ ನಿಶ್ಚಿಂತೆ ನಿದ್ದೆ ಮಾಡು.

ಮೊದಲು ಬರೆದಾಗ ಸಾಲು ಇನ್ನೂ ಉದ್ದವಿತ್ತು. ನಡುವಿನ ಎರಡು ಪದ ಕಿತ್ತ ಮೇಲೆ ತಾಳ ಕೂತಿತು.

ಹೊಸ ಮೇಡಂ ಏನೋ ಕೇಳಲು ಬಂದರು. “ಅಣ್ಣಾ, ಅಳತೆ ಎಲ್ಲಿಂದ ತಗೊಳ್ಳಲಿ?” ನಾನು ಪೆನ್ಸಿಲಿನಿಂದ ಗೋಡೆ ತಟ್ಟಿದೆ. ಓದಿಕೊಂಡು ಹೋದರು. ಪ್ರಾಸದ ಲಾಭವೇ ಇದು, ವಿವರಣೆಯ ಖರ್ಚಿಲ್ಲ.

ಸೆಪ್ಟೆಂಬರ್ 18, ಬುಧವಾರ

ನಾನೂರ ಮೂವತ್ತು. ಹೊಸ ಮೇಡಂ ಕೈ ಚುರುಕು. ಮಧ್ಯಾಹ್ನ ಅರಿಸಿಪರುಪ್ಪು ಎಂಬ ಅಕ್ಕಿಬೇಳೆ ಅನ್ನದ ಡಬ್ಬಿ ನನ್ನ ಕಡೆ ತಳ್ಳಿ, “ತುಪ್ಪ ಹಾಕಿದೆ ಅಣ್ಣಾ, ಅಳತೆ ಕೊಟ್ಟೇ ಹಾಕಿದೀನಿ” ಎಂದರು. ಪ್ರಾಸ ಅಡುಗೆಮನೆಗೂ ಹೋಗಿದೆ ಎಂದು ತಿಳಿದು ಸಂತೋಷ.

ನಾನೂರ ಮೂವತ್ತು ಬಾಕಿ,
ನಾನೇ ಇದಕ್ಕೆ ಕಾಕಿ ತೊಟ್ಟ ಪೊಲೀಸ್ ಜೀಪಿನ ಚಾಕಿ.

ಎರಡನೆಯ ಸಾಲಿಗೆ ಅರ್ಥವಿಲ್ಲ. ಇರಲಿ, ಸದ್ದು ಚೆನ್ನಾಗಿದೆ.

ಸೆಪ್ಟೆಂಬರ್ 22, ಭಾನುವಾರ

ನಮ್ಮ ಪಂಪು ಹೋಗುವುದು ಕೋಕಿಲಾ ನರ್ಸ್ ಆಗಿರುವ ವಾರ್ಡಿಗೇ. ಹೆಂಡತಿಯ ಕಣ್ಣೆದುರು ಗಂಡನ ಕೆಲಸ ಓಡುವುದು ಎಂದರೆ ಮರ್ಯಾದೆಯ ಪ್ರಶ್ನೆ. ಬೆಳಿಗ್ಗೆ ಇಡ್ಲಿ ಹಾಕುತ್ತ ಗೊಣಗಿದಳು.

“ಈಗಿರೋ ಯಂತ್ರದ ಚೀಟೀಲಿ ಹೆಸರು ಹಿಡಿಯಲ್ಲ ರೀ. ಹುಟ್ಟಿದ ಕೂಸಿಗೆ ಹೆಸರೆಲ್ಲಿರುತ್ತೆ? ‘ಬೇಬಿ ಆಫ್’ ಅಂತ ಹಾಕಿ ಅಮ್ಮನ ಹೆಸರು, ಆಮೇಲೆ ಅಪ್ಪನ ಹೆಸರು. ಅವಳಿ ಆದ್ರೆ ಒಂದು, ಎರಡು. ಒಂದೂವರೆ ಕಿಲೋ ತೂಗಲ್ಲ, ಹೆಸರು ನೋಡಿದ್ರೆ ರಾಜವಂಶ.”

ಕೂಸು ಕಿರಿದು, ಹೆಸರು ಹಿರಿದು,
ಬರೆಯೋ ನರ್ಸಿಗೆ ಶಾಯಿ ಬರಿದು.

ಅವಳಿಗೆ ಹೇಳಿದೆ. “ನಿಮಗೆ ಏನ್ ಹೇಳಿದ್ರೂ ಇಷ್ಟೇ” ಎಂದು ಚಟ್ನಿ ಕೊಡದೆ ಹೋದಳು.

ಅಕ್ಟೋಬರ್ 3, ಗುರುವಾರ

ತೊಂಬತ್ತಾರು. ಕಣ್ಣು ಉರಿ. ಉಳಿದದ್ದು ಬರೆಯುವಷ್ಟು ದೊಡ್ಡದಲ್ಲ.

ಅಕ್ಟೋಬರ್ 10, ಗುರುವಾರ

ಸೊನ್ನೆ.

ಹಾಗೆಂದು ಕಣ್ಣುಮುಚ್ಚಿ ಸಹಿ ಹಾಕುವವನು ನಾನಲ್ಲ. ಬದಲಾದ ಪುಟಗಳನ್ನೆಲ್ಲ ಕಾಗದಕ್ಕೆ ಇಳಿಸಿ, ಕೆಂಪು ಪೆನ್ಸಿಲ್ ಹಿಡಿದು, ಎನ್ ಇದೆಯೇ, ಅಳತೆ ಇದೆಯೇ ಎಂದು ಸಾಲು ಸಾಲಾಗಿ ಟಿಕ್ ಹಾಕುತ್ತ ಹೋದೆ. ಎಲ್ಲ ಕಡೆ ಎರಡೂ ಇದ್ದವು. ನಾಲ್ಕು ಗಂಟೆಗೆ ಸಹಿ ಹಾಕಿದೆ. ಯಜಮಾನರು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದರು, ಮೊಮ್ಮಗುವನ್ನು ಎತ್ತಿಕೊಂಡ ಹಾಗೆ. ಟಿಕ್ ಹಾಕಿದ ಪುಟಗಳು ರದ್ದಿ ಬುಟ್ಟಿಗೆ ಹೋದವು.

ಸೊನ್ನೆಗೆ ಸೊನ್ನೆ ಜೊತೆಗಾರ,
ನಿಂಗರಾಜು ಜಮಾದಾರ.

ಅಕ್ಟೋಬರ್ 11, ಶುಕ್ರವಾರ. ಆಯುಧಪೂಜೆ

ಪೀಳಮೇಡಿನ ನಮ್ಮ ಬೀದಿಯಲ್ಲಿ ಒಂದು ಲೇತೂ ತಿರುಗಲಿಲ್ಲ. ನಮ್ಮಲ್ಲೂ ಲ್ಯಾಪ್‌ಟಾಪುಗಳನ್ನೆಲ್ಲ ಬಾಳೆಯೆಲೆಯ ಮೇಲೆ ಸಾಲಾಗಿ ಇಟ್ಟು ಗಂಧ ಹಚ್ಚಿದರು. ನಲವತ್ತು ಪಂಪಿಗೂ ಕುಂಕುಮದ ಬೊಟ್ಟು. ನಡುವೆ ನನ್ನ ಸಹಿಯ ಸೊನ್ನೆ ಕಾಗದ. ಗೇಟಿನಲ್ಲಿ ಕುಂಬಳಕಾಯಿ ಒಡೆದಾಯಿತು.

ಕಸ ಗುಡಿಸಿ ಟೀ ಕೊಡುವ ರಾಕ್ಕಿಯಕ್ಕ ಕಡಲೆಪುರಿ ಹಂಚುತ್ತಿದ್ದಳು. ಕಾಗದದ ಪೊಟ್ಟಣವನ್ನು ಮೊದಲೇ ಸುತ್ತಿಟ್ಟಿದ್ದಳು. ನನ್ನ ಕೈಗೆ ಅಂಗೈಯಗಲದ ಒಂದನ್ನು ಕೊಟ್ಟು, ಮೂಟೆಯಿಂದ ಪಡಿಯ ತುಂಬ ಪುರಿ ಮೊಗೆದು, ಅಷ್ಟನ್ನೂ ಅದರೊಳಗೆ ಬಗ್ಗಿಸಿದಳು. ಮುಕ್ಕಾಲು ಪಾಲು ನನ್ನ ಕಾಲ ಮೇಲೆ ಬಿತ್ತು.

“ಏನಕ್ಕಾ, ಪೊಟ್ಟಣ ನೋಡಿ ಹಾಕಬಾರ್ದಾ?”

“ಪಡಿ ನೋಡಿ ಹಾಕ್ದೆ ಸಾಮಿ. ಎಲ್ರಿಗೂ ಒಂದೊಂದು ಪಡಿ ಅಂದಿದಾರೆ ಯಜಮಾನ್ರು. ಪೊಟ್ಟಣ ಚಿಕ್ಕದಾದ್ರೆ ನನ್ನ ತಪ್ಪಾ?”

ಎಲ್ಲರೂ ನಕ್ಕರು, ನಾನೂ ನಕ್ಕೆ. ಕಲ್ಲುಬೆಂಚಿನ ಮೇಲೆ ಕೂತು ಉಳಿದದ್ದನ್ನು ತಿಂದು ಪೊಟ್ಟಣ ಬಿಚ್ಚಿದೆ. ನಮ್ಮದೇ ಕೋಡು. ಎರಡು ಪಾಸ್‌ವರ್ಡಿನ ಹಿಂದೆ ಬೀಗ ಹಾಕಿಟ್ಟದ್ದು ಪುರಿಯ ಜೊತೆ ಮನೆಮನೆಗೆ ಹೊರಟಿತ್ತು. ಸರಸ್ವತಿಯ ಮುಂದೆ ಪುಸ್ತಕ ಇಟ್ಟ ದಿನ ಓದಬಾರದು. ಆದರೆ ಕಣ್ಣಿಗೆ ಯಾರು ಹೇಳುತ್ತಾರೆ.

ಹದಿನೇಳನೆಯ ಸಾಲು. ಆಸ್ಪತ್ರೆಯಿಂದ ಬಂದ ರೋಗಿಯ ಹೆಸರನ್ನು ಪಂಪಿನೊಳಗೆ ಕಾಪಿ ಮಾಡುವ ಜಾಗ. ಎನ್ ಇದೆ. ಅಳತೆ ಇದೆ. ಪಕ್ಕದಲ್ಲಿ ನನ್ನ ಕೆಂಪು ಟಿಕ್ ಇದೆ. ಅಳತೆ ಎಲ್ಲಿಂದ ತೆಗೆದದ್ದು? ಬರುವ ಹೆಸರಿನಿಂದ. ಹೆಸರು ಎಷ್ಟು ಉದ್ದವೋ ಅಷ್ಟೂ ಸುರಿ ಎಂದು ಬರೆದಿದೆ. ಪಂಪಿನಲ್ಲಿ ಇರುವುದು ಮೂವತ್ತೆರಡು ಅಕ್ಷರದ ಜಾಗ. ಆ ಮೂವತ್ತೆರಡು ಆ ಸಾಲಿನಲ್ಲಿ ಎಲ್ಲೂ ಇಲ್ಲ.

ನಾವು ಪಡಿ ನೋಡಿ ಹಾಕಿದ್ದೆವು. ಸ್ಕ್ಯಾನರ್ ಆಜ್ಞೆಯ ಹೆಸರು ನೋಡಿ ಸುಮ್ಮನಾಯಿತು. ಅಳತೆ ಯಾರದೆಂದು ನೋಡಬೇಕಾಗಿದ್ದವನು ನಾನು.

ಗೇಟಿನಲ್ಲಿ ನಿಂತು ಹೋಗುವವರನ್ನೆಲ್ಲ ತಡೆದೆ. ಪುರಿ ಜೇಬಿಗೆ ಹಾಕಿಕೊಳ್ಳಿ, ಕಾಗದ ಕೊಡಿ. ಹನ್ನೊಂದು ಪೊಟ್ಟಣ ಸಿಕ್ಕವು. ಹನ್ನೊಂದು ಪುಟ, ಇಪ್ಪತ್ತಾರು ಕಾಪಿ, ಇಪ್ಪತ್ತಾರೂ ಹೀಗೇ. ಹನ್ನೆರಡನೆಯದನ್ನು ಹೊಸ ಮೇಡಂ ತಾವೇ ಬಿಚ್ಚಿ ನೋಡಿ ನನ್ನ ಕೈಗಿಟ್ಟರು.

“ಇದು ನಾನು ಮಾಡಿದ್ದು.”

“ಗೊತ್ತು.”

“ಅಳತೆ ಎಲ್ಲಿಂದ ತಗೊಳ್ಳಲಿ ಅಂತ ಕೇಳಿದ್ದೆ ಅಣ್ಣಾ. ನೀವು ಗೋಡೆ ತೋರಿಸಿದ್ರಿ.”

ಹಾಗೆ ಕೇಳಿದ ನೆನಪಿಲ್ಲ ಎನ್ನಲು ಬಾಯಿ ತೆರೆದೆ. ಮನೆಗೆ ಬಂದು ಈ ಡೈರಿಯ ಸೆಪ್ಟೆಂಬರ್ ಹನ್ನೊಂದರ ಪುಟ ತೆಗೆದೆ. ಕೇಳಿದ್ದಾರೆ. ನನ್ನ ಅಕ್ಷರದಲ್ಲೇ ಇದೆ.

ಅದಕ್ಕೂ ಮುಂಚೆ ಯಜಮಾನರ ಹತ್ತಿರ ಹೋಗಿದ್ದೆ. ಲಾರಿ ನಿಲ್ಲಿಸಿ ಎಂದೆ.

“ನಿನ್ನೆ ಸಹಿ ಹಾಕಿದ್ದು ಯಾರು?”

“ನಾನೇ.”

“ಇವತ್ತು ನಿಲ್ಲಿಸು ಅನ್ನೋರು?”

“ನಾನೇ.”

“ನಿಮ್ಮಿಬ್ರಲ್ಲಿ ಯಾರ ಮಾತು ಕೇಳ್ಲಿ ಕಣ್ಣು?” ಪುರಿಯ ಕಾಗದ ನೋಡಿದರು, ಅರ್ಥವಾಗಲಿಲ್ಲ. “ಒಂದು ಪಂಪು ಬಿಚ್ಚಿ ತೋರಿಸ್ತೀನಿ” ಎಂದದ್ದಕ್ಕೆ ಮುಖ ಗಟ್ಟಿ ಮಾಡಿದರು. “ದೇವಿ ಮುಂದೆ ಇಟ್ಟಿದ್ದನ್ನ ಇವತ್ತು ಮುಟ್ಟೋ ಹಾಗಿಲ್ಲ. ಮೂವತ್ತು ವರ್ಷದಲ್ಲಿ ಮುಟ್ಟಿಲ್ಲ. ನಾಳೆ ಏಳೂವರೆಗೆ ಪೂಜೆ ಬಿಚ್ತೀವಿ, ಒಂಬತ್ತಕ್ಕೆ ಲಾರಿ. ನಡುವೆ ಇರೋ ಹೊತ್ತು ನಿಂದು.”

ಒಂದೂವರೆ ಗಂಟೆ. ಸಾಕು.

ಅಕ್ಟೋಬರ್ 12, ಶನಿವಾರ. ವಿಜಯದಶಮಿ

ಏಳೂವರೆಗೆ ಕರ್ಪೂರ ಆರುವ ಮುಂಚೆ ಒಂದು ಪಂಪನ್ನು ಎಲೆಯಿಂದ ಎತ್ತಿಕೊಂಡೆ. ಸಿರಿಂಜಿಗೆ ನೀರು, ನೀರಿಗೆ ಪೂಜೆಯ ತಟ್ಟೆಯ ಕುಂಕುಮ. ಕೊಳವೆಯ ತುದಿಗೆ ಟೀ ಲೋಟ. ಕೆಂಪು ಹನಿ ಒಂದೊಂದಾಗಿ ಬೀಳತೊಡಗಿತು. ಪೂಂಗೋದೈ ಕಂಪ್ಯೂಟರಿನ ಮುಂದೆ ಕೂತರು. ಯಜಮಾನರು ಸ್ಟೂಲು ಎಳೆದುಕೊಂಡರು.

ಮೊದಲು ‘ಕುಮಾರ್’ ಎಂದು ಕಳಿಸಿದೆವು. ನಮ್ಮ ಪರೀಕ್ಷೆಯ ರೋಗಿಗಳೆಲ್ಲ ಕುಮಾರ್, ರಾಜಾ, ರವಿ. ಆರು ತಿಂಗಳಿಂದ ಅವರಿಗೇ ಹುಷಾರಿಲ್ಲ. ಹನಿ ಬೀಳುತ್ತಲೇ ಇತ್ತು.

ಆಮೇಲೆ ಕೋಕಿಲಾಳನ್ನು ಕೇಳಿ ಬರೆದುಕೊಂಡು ಬಂದಿದ್ದ ಚೀಟಿ ಕೊಟ್ಟೆ. ಕಟ್ಟಿದ ಹೆಸರು, ಆದರೆ ವಾರ್ಡಿನ ರೀತಿಯದು. ‘ಬೇಬಿ ಆಫ್ ಸೌಂದರನಾಯಕಿ ಮುತ್ತುಕುಮಾರಸಾಮಿ ಟ್ವಿನ್ 2’. ಇಂಗ್ಲಿಷಿನಲ್ಲಿ ತೆರಪು ಸೇರಿ ನಲವತ್ತೈದು ಅಕ್ಷರ. ಪೂಂಗೋದೈ ಒತ್ತಿದರು.

ಹನಿ ನಿಂತಿತು. ಪರದೆ ಕಪ್ಪಾಯಿತು. ಯಾವ ಗಂಟೆಯೂ ಹೊಡೆಯಲಿಲ್ಲ. ಹನ್ನೊಂದು ಸೆಕೆಂಡಿನ ಮೇಲೆ ಪರದೆ ಬೆಳಗಿ ‘ವಣಕ್ಕಂ’ ಎಂದು ತೋರಿಸಿ, ಸುಮ್ಮನೆ ಕೂತುಬಿಟ್ಟಿತು.

“ಮತ್ತೆ ಶುರು ಆಗಲ್ವಾ?” ಯಜಮಾನರು ಕೇಳಿದರು.

“ಯಾರಾದ್ರೂ ಬಂದು ಗುಂಡಿ ಒತ್ತಬೇಕು. ನಿಂತಿದೆ ಅಂತ ಅವರಿಗೆ ಗೊತ್ತಾದ್ರೆ.”

“ಇದನ್ನ ಯಾವನಾದ್ರೂ ಕಳ್ಳ ಮಾಡಬೇಕಲ್ಲ?”

“ಕಳ್ಳನೂ ಮಾಡಬಹುದು, ಉದ್ದನೆ ಹೆಸರಿನ ತಾಯೀನೂ ಮಾಡಬಹುದು. ಪಂಪಿಗೆ ವ್ಯತ್ಯಾಸ ತಿಳಿಯಲ್ಲ.”

ಯಜಮಾನರು ಲೋಟ ಎತ್ತಿ, ತಳದ ಕೆಂಪು ನೀರನ್ನು ನೋಡಿದರು. “ಈ ಸಾಲು ಬದಲಾಯಿಸಿದ್ದು ಯಾರು?”

ಪೂಂಗೋದೈ ಕುರ್ಚಿಯಿಂದ ಏಳಲು ನೋಡಿದರು. ಪೊಟ್ಟಣದ ಕಾಗದವನ್ನು ಯಜಮಾನರ ಮುಂದೆ ಚಾಚಿ ಹಿಡಿದು ನಾನೇ ಹೇಳಿದೆ. “ಟಿಕ್ ನಂದು. ನಿಯಮ ನಂದು. ಅವರು ಕೇಳಿದ್ರು, ನಾನು ಉತ್ತರ ಕೊಡಲಿಲ್ಲ.”

ಒಂಬತ್ತಕ್ಕೆ ಲಾರಿ ಬಂತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಯಜಮಾನರು ಚಾಲಕನ ಕಿಟಕಿಗೆ ಹೋದರು. “ನಿಂಬೆಹಣ್ಣು ತುಳಿಸ್ಕೊಂಡು ಖಾಲಿ ಗಾಡೀಲೇ ಒಂದು ಸುತ್ತು ಹೊಡ್ದು ಬಾರಪ್ಪ. ದಿನ ಒಳ್ಳೇದು, ಕೆಡಿಸೋದು ಬೇಡ.” ಖಾಲಿ ಲಾರಿ ಬೀದಿಯ ಕೊನೆತನಕ ಹೋಗಿ ಬಂತು. ಎಲ್ಲರೂ ಕೈ ಮುಗಿದೆವು.

ಒಳಗೆ ಬಂದು ಸೊನ್ನೆ ಕಾಗದವನ್ನು ನನ್ನ ಮೇಜಿನ ಮೇಲಿಟ್ಟರು. “ಹರಿಯೋದು ನಾನಲ್ಲ. ಸಹಿ ಯಾರದೋ ಅವರೇ ಹರೀಬೇಕು.”

ಹರಿದೆ. ಗಂಧ ಬೆರಳಿಗೆ ಅಂಟಿತು.

ಅಕ್ಟೋಬರ್ 14, ಸೋಮವಾರ

ಒಟ್ಟು ಇನ್ನೂರ ತೊಂಬತ್ತನಾಲ್ಕು ಕಾಪಿ. ಸ್ಕ್ಯಾನರನ್ನು ಬದಿಗಿಟ್ಟಿದ್ದೇವೆ. ಪೂಂಗೋದೈ ಒಂದೊಂದು ಸಾಲಿಗೂ ‘ಜಾಗ ಎಷ್ಟು’ ಎಂದು ಕೂಗುತ್ತಾರೆ. ನಾನು ಆ ಜಾಗ ಹುಟ್ಟಿದ ಪುಟಕ್ಕೆ ಹೋಗಿ, ನೋಡಿ, ಕೂಗಿ ಹೇಳುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ನೆನಪಿನಿಂದ ಹೇಳುವ ಹಾಗಿಲ್ಲ ಎಂದು ಅವರ ಕಟ್ಟಳೆ. ಎರಡು ಸಲ ಸಿಕ್ಕಿಬಿದ್ದೆ.

ಇವತ್ತು ಇಪ್ಪತ್ತೆಂಟು.

ಅಕ್ಟೋಬರ್ 15, ಮಂಗಳವಾರ

ಮೂವತ್ತೊಂದು. ತಪ್ಪು ನಡೆದದ್ದು ಹೇಗೆ ಎಂದು ಬರೆಯುವ ನಮೂನೆಯೊಂದಿದೆ. ಕಾರಣ ಎಂಬ ಕಲಂನಲ್ಲಿ ‘ಗೋಡೆಯ ಮೇಲಿನ ನಿಯಮ ಅರೆಬರೆ, ಕೇಳಿದವರಿಗೆ ನಾನು ಹೇಳಲಿಲ್ಲ’ ಎಂದು ಬರೆದು ಕೊಟ್ಟೆ. ಯಜಮಾನರು ಎರಡು ಸಲ ಓದಿ ಕಡತಕ್ಕೆ ಹಾಕಿದರು.

ಅಕ್ಟೋಬರ್ 17, ಗುರುವಾರ

ಹೆಸರಿನ ಸಾಲು ಸರಿಯಾಯಿತು. ಮೂವತ್ತೊಂದು ಅಕ್ಷರಕ್ಕೆ ಕತ್ತರಿಸುತ್ತದೆ, ಕೊನೆಯ ಜಾಗ ಮುಕ್ತಾಯದ ಗುರುತಿಗೆ. ಪಂಪು ನಿಲ್ಲುವುದಿಲ್ಲ. ಸಂಜೆ ಖುಷಿಯಲ್ಲಿ ಕೋಕಿಲಾಗೆ ಕಾಗದದ ಮೇಲೆ ತೋರಿಸಿದೆ. ‘ಮುತ್ತುಕುಮ್’ ಎನ್ನುವಲ್ಲಿಗೆ ಹೆಸರು ನಿಂತಿತ್ತು. ಅವಳು ಬೆರಳು ಇಟ್ಟಳು.

“ಆಮೇಲೆ?”

“ಆಮೇಲೆ ಇಲ್ಲ. ಜಾಗ ಅಷ್ಟೇ.”

“ಒಂದು ಯಾವುದು, ಎರಡು ಯಾವುದು?”

ಅವಳು ಎರಡು ಲೋಟ ಅಕ್ಕಪಕ್ಕ ಇಟ್ಟಳು. “ಇದು ಒಂದನೇ ಕೂಸು, ಇದು ಎರಡನೇದು. ಅಮ್ಮ ಒಬ್ಬಳೇ, ಅಪ್ಪ ಒಬ್ಬನೇ. ಎರಡು ಪಂಪಲ್ಲೂ ಒಂದೇ ಹೆಸರು. ಬೆಳಿಗ್ಗೆ ಡ್ಯೂಟಿಗೆ ಬಂದ ಹುಡುಗಿ ಯಾವ ಔಷಧಿ ಯಾರಿಗೆ ಹಾಕ್ಬೇಕು?”

“ಕಾಲಿಗೆ ಕಟ್ಟಿರೋ ಪಟ್ಟಿ ನೋಡಲ್ವಾ?”

“ನೋಡ್ತೀವಿ. ಹಾಗಂತ ನೀವು ನೋಡ್ದೆ ಇರಬಹುದಾ? ಲೋಟ ದೊಡ್ಡದು ಮಾಡಿ.”

ಡೈರಿಯ ಹಳೆಯ ಪುಟ ತೆಗೆದು ನೋಡಿದೆ. ಹೆಸರಿನ ಬಗ್ಗೆ ಇವಳು ಹೋದ ತಿಂಗಳೇ ಹೇಳಿದ್ದಳು. ನಾಳೆಯಿಂದ ಜಾಗ ನೂರ ಇಪ್ಪತ್ತೆಂಟು. ಅದನ್ನೂ ಮೀರಿದ್ದು ಬಂದರೆ ಕತ್ತರಿಸುವುದಿಲ್ಲ. ತೆಗೆದುಕೊಳ್ಳುವುದಿಲ್ಲ ಎಂದು ಗಂಟೆ ಹೊಡೆಯಬೇಕು.

ಅಕ್ಟೋಬರ್ 18, ಶುಕ್ರವಾರ

ಇಪ್ಪತ್ತೆರಡು. ಜಾಗ ದೊಡ್ಡದಾದದ್ದರಿಂದ ಒಂಬತ್ತು ಹಳೆಯ ಸಾಲುಗಳನ್ನು ಮತ್ತೆ ನೋಡಬೇಕಾಯಿತು. ನೋಡಿದೆವು.

ಅಕ್ಟೋಬರ್ 23, ಬುಧವಾರ

ಮೂವತ್ತನಾಲ್ಕು. ಪೂಂಗೋದೈಯ ಮಗಳಿಗೆ ಜ್ವರ, ಮಧ್ಯಾಹ್ನ ಹೊರಟರು. ಒಬ್ಬನೇ ಮುಂದುವರಿಸಬಹುದಿತ್ತು. ಕೂಗಿ ಕೇಳುವವರಿಲ್ಲದೆ ಸಾಲು ನೋಡುವುದು ಸರಿಯಲ್ಲ ಎನಿಸಿ ಬೇರೆ ಕೆಲಸ ಮಾಡಿದೆ.

ಅಕ್ಟೋಬರ್ 28, ಸೋಮವಾರ

ಮುಗಿಯಿತು. ಈ ಸಲ ಸ್ಕ್ಯಾನರಿಗೆ ಸಣ್ಣ ಅನುಮಾನವನ್ನೂ ಬಿಡಬೇಡ ಎಂದು ಹೇಳಿ ಓಡಿಸಿದೆವು. ಹತ್ತೊಂಬತ್ತು ಎಂದಿತು. ಹತ್ತೊಂಬತ್ತನ್ನೂ ಬಿಡಿಸಿ ನೋಡಿ, ಯಾಕೆ ಅಪಾಯವಿಲ್ಲ ಎಂದು ಒಂದೊಂದಕ್ಕೆ ಒಂದೊಂದು ಪುಟ ಬರೆದೆವು.

ಯಜಮಾನರು ಕಟ್ಟು ತೂಗಿ ನೋಡಿದರು. “ಸೊನ್ನೆ ಇಲ್ವಾ?”

“ಹತ್ತೊಂಬತ್ತು. ಎಲ್ಲದಕ್ಕೂ ಕಾರಣ ಇದೆ. ಬೇಕಾದ್ರೆ ಒಂದೊಂದೇ ಹೇಳ್ತೀನಿ.”

“ಹೇಳು.”

ಸಾಯಂಕಾಲದವರೆಗೆ ಹೇಳಿದೆ. ಏಳನೆಯದರಲ್ಲಿ ಅವರು ಕೇಳಿದ ಪ್ರಶ್ನೆಗೆ ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ. ಪೂಂಗೋದೈ ಪುಟ ತೆಗೆದು ತೋರಿಸಿದರು. ಕೊನೆಯಲ್ಲಿ ಇಬ್ಬರೂ ಸಹಿ ಹಾಕಿದೆವು, ಮೊದಲು ಅವರು.

ಅಕ್ಟೋಬರ್ 29, ಮಂಗಳವಾರ

ಗೋಡೆಯ ಹಳೆಯ ಕಾಗದ ಕಿತ್ತು ಹೊಸದು ಅಂಟಿಸಿದೆ.

ಅಳತೆ ಎಂದರೆ ತುಂಬಿಸಿಕೊಳ್ಳುವ ಜಾಗದ ಅಳತೆ. ಬರುವ ಸರಕಿನದ್ದಲ್ಲ. ಸಂದೇಹವಿದ್ದರೆ ನಿಂಗರಾಜುವನ್ನೋ ಪೂಂಗೋದೈಯನ್ನೋ ಕೇಳಿ. ಉತ್ತರ ಬರುವವರೆಗೆ ಕೇಳಿ.

ಟೀ ತಂದ ರಾಕ್ಕಿಯಕ್ಕ ಅದನ್ನು ಓದಿಸಿಕೊಂಡು ಕೇಳಿ ಮುಖ ಸಿಂಡರಿಸಿದಳು. “ಏನ್ ಸಾಮಿ, ಹಳೇದಾದ್ರೆ ಪಾತ್ರೆ ತೊಳೀತಾ ಹೇಳ್ಕೋಬಹುದಿತ್ತು. ಇದು ನಾಲಿಗೆ ಮೇಲೆ ನಿಲ್ಲೋದೇ ಇಲ್ಲ.”

“ಗೋಡೆ ಮೇಲೆ ನಿಂತ್ರೆ ಸಾಕಕ್ಕಾ.”

ನವೆಂಬರ್ 8, ಶುಕ್ರವಾರ

ಲಾರಿ ಸೋಮವಾರವೇ ಹೋಯಿತು, ತುಂಬಿದ ಲಾರಿ. ಈ ಸಲ ನಿಂಬೆಹಣ್ಣು ಬೇಡವೇ ಎಂದು ಚಾಲಕ ಕೇಳಿದ. ಅದನ್ನು ಅವತ್ತೇ ತುಳಿಸಿ ಆಗಿದೆ ಎಂದರು ಯಜಮಾನರು.

ಇವತ್ತು ಮಧ್ಯಾಹ್ನ ಕೋಕಿಲಾ ವಾರ್ಡಿನಿಂದ ಫೋನು ಮಾಡಿದಳು. ಊಟದ ಹೊತ್ತಿನಲ್ಲಿ ಅವಳು ಎಂದೂ ಮಾಡುವುದಿಲ್ಲ. ನನ್ನ ಕೈಯ ತುತ್ತು ಹಾಗೇ ನಿಂತಿತು. ಎದುರು ಕೂತಿದ್ದ ಪೂಂಗೋದೈಯೂ ತಿನ್ನುವುದು ಬಿಟ್ಟರು.

“ಅವಳಿ ಬಂದಿದಾವೆ ರೀ, ಹೆಣ್ಣು. ನಿಮ್ಮ ಎರಡು ಪಂಪು ಹಾಕಿದೀವಿ.”

“ಹೆಸರು?”

“ಹೆಸರು ಹೊರಗೆ ಹೇಳೋ ಹಾಗಿಲ್ಲ.”

“ಉದ್ದಾನಾ?”

“ಪರದೇಲಿ ಎರಡು ಸಾಲು ಹಿಡಿದಿದೆ.”

“ಹನಿ?”

“ಬೀಳ್ತಿದೆ.” ಅವಳು ನಡೆದುಹೋಗುವ ಸದ್ದು ಕೇಳಿಸಿತು, ಆಮೇಲೆ ನಿಂತ ಸದ್ದು. “ಇದರಲ್ಲಿ ಕೊನೇಲಿ ಒಂದು ಅಂತಿದೆ.” ಮತ್ತೆ ನಾಲ್ಕು ಹೆಜ್ಜೆ. “ಇದರಲ್ಲಿ ಎರಡು.”

ಪೂಂಗೋದೈಗೆ ಹೇಳಿದೆ. ಅವರು ಡಬ್ಬಿಯನ್ನು ನನ್ನ ಕಡೆ ತಳ್ಳಿದರು. ಊಟ ಮಾಡಿದೆವು.